ಸೈನಸ್ ಸೋಂಕು ಮತ್ತೆ ಮತ್ತೆ ಬರುವುದು ಯಾಕೆ?

ವರ್ಷಕ್ಕೆ ನಾಲ್ಕೈದು ಸಲ ಅದೇ ಪಾಡು. ಮೊದಲು ನೆಗಡಿ. ಎರಡು ಮೂರು ದಿನಕ್ಕೆ ಮೂಗು ಪೂರ್ತಿ ಕಟ್ಟುತ್ತದೆ. ಆಮೇಲೆ ಕೆನ್ನೆ ಭಾರ, ಹುಬ್ಬಿನ ಮೇಲೆ ನೋವು, ಬಗ್ಗಿದರೆ ತಲೆಯೆಲ್ಲ ಒತ್ತಿದ ಹಾಗೆ. ಊಟದ ವಾಸನೆ ತಿಳಿಯುವುದಿಲ್ಲ, ರುಚಿಯೂ ಇಲ್ಲ. ರಾತ್ರಿ ಮಲಗಿದರೆ ಕಫ ಗಂಟಲಿಗೆ ಇಳಿದು ಕೆಮ್ಮು. ಮೆಡಿಕಲ್ ಶಾಪ್‌ನಿಂದ ಆಂಟಿಬಯೋಟಿಕ್ ತಂದು ನುಂಗುತ್ತೇವೆ. ಒಂದು ವಾರದಲ್ಲಿ ಕಡಿಮೆಯಾಗುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಶುರು.

ಹೀಗೆ ನರಳುವವರೆಲ್ಲ ಕೇಳುವುದು ಒಂದೇ: ಯಾವ ಮಾತ್ರೆ ತಗೊಂಡರೆ ಇದು ಹೋಗುತ್ತದೆ? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನನ್ನ ಸೈನಸ್‌ನ ಕಿಂಡಿ ಪದೇ ಪದೇ ಮುಚ್ಚಿಕೊಳ್ಳುತ್ತಿರುವುದು ಯಾಕೆ? ಇದರ ಉತ್ತರ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ಹುಡುಕದೆ ಎಷ್ಟು ಕೋರ್ಸ್ ಆಂಟಿಬಯೋಟಿಕ್ ಮುಗಿಸಿದರೂ ಸೋಂಕು ಮರಳಿ ಬರುತ್ತಲೇ ಇರುತ್ತದೆ.

ಕಿಂಡಿ ಎಂದರೇನು ಅಂತ ತಿಳಿಯಲು ಮುಖದ ಒಳಗೆ ಸ್ವಲ್ಪ ಇಣುಕಬೇಕು. ನಮ್ಮ ಮುಖದ ಮೂಳೆಗಳ ನಡುವೆ ಗಾಳಿ ತುಂಬಿದ ಟೊಳ್ಳು ಜಾಗಗಳಿವೆ. ಅವೇ ಸೈನಸ್‌ಗಳು. ಒಟ್ಟು ನಾಲ್ಕು ಜೋಡಿ. ಎರಡು ಕೆನ್ನೆಗಳೊಳಗೆ ಒಂದು ಜೋಡಿ, ಇದೇ ಎಲ್ಲಕ್ಕಿಂತ ದೊಡ್ಡದು. ಹಣೆಯಲ್ಲಿ, ಹುಬ್ಬಿನ ಮೇಲ್ಗಡೆ ಒಂದು ಜೋಡಿ. ಮೂಗು ಮತ್ತು ಕಣ್ಣಿನ ನಡುವೆ ಪುಟ್ಟ ಪುಟ್ಟ ಕೋಣೆಗಳ ಗುಂಪು, ಆ ಕಡೆ ಒಂದು, ಈ ಕಡೆ ಒಂದು. ಮೂಗಿನ ತೀರಾ ಹಿಂದೆ, ತಲೆಯ ನಡುಮಧ್ಯದಲ್ಲಿ ಕೊನೆಯ ಜೋಡಿ. ಹುಟ್ಟುವಾಗಲೇ ಇವೆಲ್ಲ ಪೂರ್ತಿ ಬೆಳೆದಿರುವುದಿಲ್ಲ. ಹಣೆಯ ಸೈನಸ್ ಸರಿಯಾಗಿ ರೂಪ ಪಡೆಯುವುದು ಮಗುವಿಗೆ ಆರೇಳು ವರ್ಷವಾದ ಮೇಲೆ.

ಈ ಟೊಳ್ಳುಗಳ ಒಳಗೋಡೆಗೆ ಒಂದು ತೆಳು ಪೊರೆ ಇದೆ. ಅದು ಸದಾ ಲೋಳೆಯನ್ನು ಸ್ರವಿಸುತ್ತದೆ. ಉಸಿರಿನ ಜೊತೆ ಬಂದ ದೂಳು, ರೋಗಾಣು ಎಲ್ಲ ಆ ಲೋಳೆಗೆ ಅಂಟಿಕೊಳ್ಳುತ್ತವೆ. ಪೊರೆಯ ಮೇಲೆ ಬರಿಗಣ್ಣಿಗೆ ಕಾಣದ ಕೋಟಿಗಟ್ಟಲೆ ಸೂಕ್ಷ್ಮ ರೋಮಗಳಿವೆ. ಅವು ಒಂದೇ ದಿಕ್ಕಿಗೆ ಬಡಿಯುತ್ತಾ ಲೋಳೆಯನ್ನು ಕಿಂಡಿಯ ಕಡೆಗೆ, ಅಂದರೆ ಸೈನಸ್ ಮೂಗಿಗೆ ತೆರೆಯುವ ಪುಟ್ಟ ತೂತಿನ ಕಡೆಗೆ, ತಳ್ಳುತ್ತವೆ. ಅಲ್ಲಿಂದ ಅದು ಮೂಗಿಗೆ, ಮೂಗಿನಿಂದ ಗಂಟಲಿಗೆ. ಗೊತ್ತೇ ಆಗದ ಹಾಗೆ ನಾವು ಅದನ್ನು ದಿನವಿಡೀ ನುಂಗುತ್ತಿರುತ್ತೇವೆ. ಅದರಿಂದ ತೊಂದರೆಯೇನಿಲ್ಲ, ಮಿಕ್ಕಿದ್ದನ್ನು ಹೊಟ್ಟೆಯ ಆಮ್ಲ ನೋಡಿಕೊಳ್ಳುತ್ತದೆ.

ತೊಂದರೆ ಇರುವುದು ಕಿಂಡಿಯ ಜಾಗದಲ್ಲಿ. ಕೆನ್ನೆಯ ಸೈನಸ್‌ನ ಕಿಂಡಿ ತಳದಲ್ಲಿಲ್ಲ, ಗೋಡೆಯ ಮೇಲ್ತುದಿಯಲ್ಲಿದೆ. ಅಗಲವೂ ಕೆಲವೇ ಮಿಲಿಮೀಟರ್. ಮನೆಯ ಸಂಪಿನ ನೀರು ತಾನಾಗಿ ಓವರ್‌ಹೆಡ್ ಟ್ಯಾಂಕಿಗೆ ಏರುವುದಿಲ್ಲ, ಮೋಟಾರ್ ಹಾಕಬೇಕು. ಹಾಗೇ ಇಲ್ಲೂ ಲೋಳೆ ಮೇಲೇರಿ ಹೊರಗೆ ಹೋಗಬೇಕು. ಆ ಮೋಟಾರಿನ ಕೆಲಸ ಮಾಡುವುದು ರೋಮಗಳು. ಅವು ನಿಧಾನವಾದರೂ ಕಷ್ಟ, ಕಿಂಡಿ ಊದಿ ಮುಚ್ಚಿದರೂ ಕಷ್ಟ.

ಇದು ಡಾಕ್ಟರುಗಳಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ನ್ಯೂಯಾರ್ಕಿನ ಜಾರ್ಜ್ ಕಾಲ್ಡ್‌ವೆಲ್ 1893ರಲ್ಲಿ, ಪ್ಯಾರಿಸ್ಸಿನ ಹೆನ್ರಿ ಲುಕ್ 1897ರಲ್ಲಿ ಕೆನ್ನೆಯ ಸೈನಸ್‌ಗೆ ಒಂದು ಆಪರೇಷನ್ ವಿವರಿಸಿದರು. ಮೇಲ್ದುಟಿಯ ಒಳಗಿನಿಂದ ಮೂಳೆ ಕೊರೆದು ಸೈನಸ್ ಶುಚಿ ಮಾಡುವುದು, ತಳದ ಹತ್ತಿರ ಮೂಗಿನ ಕಡೆಗೆ ಹೊಸ ತೂತು ಮಾಡುವುದು. ಕೆಳಗೆ ತೂತಿದ್ದರೆ ಕೀವು ತಾನಾಗಿ ಇಳಿದುಹೋಗಬೇಕು ಅಲ್ವಾ? ಹಾಗಾಗಲಿಲ್ಲ. ರೋಮಗಳು ಲೋಳೆಯನ್ನು ಹೊಸ ತೂತಿನ ಪಕ್ಕದಿಂದಲೇ ಸಾಗಿಸಿ, ಮೇಲಿರುವ ಹಳೆಯ ಕಿಂಡಿಯ ಕಡೆಗೇ ಒಯ್ಯುತ್ತಿದ್ದವು. ಹುಟ್ಟಿನಿಂದ ಅವು ಬಡಿಯುವ ದಿಕ್ಕು ಅದೇ. ಹಳೆಯ ಕಿಂಡಿ ಮುಚ್ಚೇ ಇದ್ದರೆ ಆಪರೇಷನ್ ಆದ ಮೇಲೂ ಕಾಯಿಲೆ ಉಳಿಯುತ್ತಿತ್ತು.

ಆಸ್ಟ್ರಿಯಾದ ಗ್ರಾಜ್ ನಗರದ ಇಎನ್‌ಟಿ ತಜ್ಞ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಎಂಡೋಸ್ಕೋಪ್ (ಮೂಗಿನೊಳಗೆ ಇಣುಕುವ ತೆಳು ಕೊಳವೆ) ಹಿಡಿದು ಲೋಳೆ ಸಾಗುವ ಈ ದಾರಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಕೆನ್ನೆಯ ಸೈನಸ್, ಹಣೆಯ ಸೈನಸ್, ಕಣ್ಣಿನ ಪಕ್ಕದ ಮುಂಭಾಗದ ಕೋಣೆಗಳು, ಈ ಮೂರೂ ಬಂದು ತೆರೆದುಕೊಳ್ಳುವುದು ಮೂಗಿನೊಳಗಿನ ಒಂದೇ ಇಕ್ಕಟ್ಟಾದ ಸಂದಿಗೆ. ಅಲ್ಲಿ ಒಂದೆರಡು ಮಿಲಿಮೀಟರ್ ಊತ ಬಂದರೆ ಮೂರಕ್ಕೂ ದಾರಿ ಬಂದ್. 1980ರ ದಶಕದಿಂದ ಹರಡಿದ ಎಂಡೋಸ್ಕೋಪಿಕ್ ಸರ್ಜರಿ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಹೊಸ ತೂತು ಕೊರೆಯುವುದಲ್ಲ, ದೇಹವೇ ಕೊಟ್ಟ ಕಿಂಡಿಯನ್ನು ಬಿಡಿಸಿ ಅಗಲ ಮಾಡುವುದು. ಸೈನಸ್ ಬಗ್ಗೆ ಓದಿದ್ದರಲ್ಲೆಲ್ಲ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಈ ಸಂಗತಿ. ಔಷಧ, ಮೂಗು ತೊಳೆಯುವುದು, ಆಪರೇಷನ್, ಎಲ್ಲದರ ಗುರಿಯೂ ಆ ಸಂದಿ ತೆರೆದಿರುವಂತೆ ನೋಡಿಕೊಳ್ಳುವುದೇ.

ಆಂಟಿಬಯೋಟಿಕ್ ಬೇಕಾಗುವುದು ಯಾವಾಗ?

ಸಾಮಾನ್ಯ ನೆಗಡಿ ವೈರಸ್‌ನಿಂದ ಬರುತ್ತದೆ. ಪೊರೆ ಊದುತ್ತದೆ, ಕಿಂಡಿ ಮುಚ್ಚುತ್ತದೆ, ಲೋಳೆ ಒಳಗೇ ನಿಲ್ಲುತ್ತದೆ. ಕೆನ್ನೆ ನೋವಿಗೆ ಇಷ್ಟೇ ಸಾಕು. ನಿಂತ ಲೋಳೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಅದಾದ ಮೇಲಿನ ಹಂತ, ಅದೂ ಅಪರೂಪಕ್ಕೆ. ದೊಡ್ಡವರಲ್ಲಿ ನೂರು ನೆಗಡಿಗಳಲ್ಲಿ ಹೆಚ್ಚೆಂದರೆ ಎರಡು ಆ ಹಂತ ಮುಟ್ಟುತ್ತವೆ. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ ಮಾತ್ರ. ಹಾಗಾದರೆ ಮೂರನೇ ದಿನ ಮಾತ್ರೆ ನುಂಗಿದವರಿಗೆ ವಾರದಲ್ಲಿ ವಾಸಿಯಾದದ್ದು ಹೇಗೆ? ಬಹುತೇಕ ಸಲ ಅದು ಮಾತ್ರೆ ಇಲ್ಲದೆಯೂ ವಾಸಿಯಾಗುತ್ತಿತ್ತು.

ಸಿಂಬಳ ಹಳದಿ, ಹಸಿರು ಆದ ತಕ್ಷಣ ಬ್ಯಾಕ್ಟೀರಿಯಾ ಸೋಂಕು ಅಂತ ತುಂಬಾ ಜನ ನಂಬಿದ್ದಾರೆ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳಿಂದ ಬರುತ್ತದೆ, ಅವುಗಳೊಳಗೆ ಹಸಿರು ಬಣ್ಣದ ಒಂದು ಕಿಣ್ವವಿದೆ. ವೈರಸ್ ನೆಗಡಿಯಲ್ಲೂ ನಾಲ್ಕೈದನೇ ದಿನ ಸಿಂಬಳ ಹಸಿರಾಗುವುದು ಮಾಮೂಲು.

ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳುವುದು ದಿನಗಳನ್ನು. ಹತ್ತು ದಿನ ಕಳೆದರೂ ಏನೂ ಕಡಿಮೆಯಾಗದಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಐದಾರು ದಿನಕ್ಕೆ ಗುಣವಾಗುತ್ತಾ ಬಂದು, ಇದ್ದಕ್ಕಿದ್ದಂತೆ ಮತ್ತೆ ಜ್ವರ, ನೋವು, ಕೀವು ಜಾಸ್ತಿಯಾದರೂ ಹಾಗೇ. ಮೊದಲಿನಿಂದಲೇ 102 ಡಿಗ್ರಿ ಜ್ವರ, ಮೂರು ನಾಲ್ಕು ದಿನ ಸತತ ಕೀವು, ಮುಖದ ಒಂದು ಕಡೆ ಜೋರು ನೋವು ಇದ್ದರೂ ಅನುಮಾನ ಪಡಬೇಕು. ಇದಕ್ಕೆ ಮೊದಲ ಆಯ್ಕೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಗುಂಪಿನ ಔಷಧ. ನಮ್ಮಲ್ಲಿ ಮೂರು ದಿನದ ಅಜಿತ್ರೊಮೈಸಿನ್ ಸ್ಟ್ರಿಪ್ ಕೇಳಿ ತರುವುದು ರೂಢಿಯಾಗಿಬಿಟ್ಟಿದೆ. ಸೈನಸ್‌ನ ಮುಖ್ಯ ಬ್ಯಾಕ್ಟೀರಿಯಾಗಳು ಅದಕ್ಕೆ ಎಷ್ಟೋ ಕಡೆ ಬಗ್ಗುವುದನ್ನೇ ಬಿಟ್ಟಿವೆ. ದಯವಿಟ್ಟು ಚೀಟಿಯಿಲ್ಲದೆ ತರಬೇಡಿ.

ಸ್ಕ್ಯಾನ್ ವಿಷಯದಲ್ಲೂ ಅವಸರ ಬೇಡ. 1994ರಲ್ಲಿ ಅಮೆರಿಕದಲ್ಲಿ ಬರೀ ನೆಗಡಿ ಬಂದವರಿಗೆ ಸಿಟಿ ಸ್ಕ್ಯಾನ್ ಮಾಡಿ ನೋಡಿದರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರ ಕೆನ್ನೆಯ ಸೈನಸ್‌ನಲ್ಲಿ ಏರುಪೇರು ಕಂಡಿತು. ಅದರಲ್ಲಿ ಹೆಚ್ಚಿನದು ಆಂಟಿಬಯೋಟಿಕ್ ಇಲ್ಲದೆ ತಾನಾಗಿ ಸರಿಹೋಯಿತು. ನೆಗಡಿಯ ಮೊದಲ ವಾರದಲ್ಲಿ ಸ್ಕ್ಯಾನ್ ಮಾಡಿಸಿದರೆ "ಸೈನಸೈಟಿಸ್" (ಸೈನಸ್ ಊತ) ಅಂತ ವರದಿ ಬರುವುದೇ ಹೆಚ್ಚು. ಅದರಿಂದ ಹೊಸದೇನೂ ತಿಳಿಯುವುದಿಲ್ಲ.

ಅದು ಸೈನಸ್ ನೋವೇ ಹೌದಾ?

ಇದನ್ನು ಮೊದಲೇ ಕೇಳಿಕೊಂಡರೆ ವರ್ಷಗಳ ಒದ್ದಾಟ ಉಳಿಯಬಹುದು. 2004ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ತಮಗೆ ಸೈನಸ್ ತಲೆನೋವಿದೆ ಎಂದು ಹೇಳಿಕೊಂಡ ಸುಮಾರು ಮೂರು ಸಾವಿರ ಜನರನ್ನು ವಿಚಾರಿಸಿದರು. ಅವರಲ್ಲಿ ಶೇ. 88 ಜನರ ಲಕ್ಷಣಗಳು ಹೊಂದಿದ್ದು ಮೈಗ್ರೇನ್ ಜೊತೆ. ಮೈಗ್ರೇನ್ ಬಂದಾಗಲೂ ಮೂಗು ಕಟ್ಟಬಹುದು, ಕಣ್ಣಲ್ಲಿ ನೀರು ಬರಬಹುದು, ಕೆನ್ನೆ ಒತ್ತಿದ ಹಾಗಾಗಬಹುದು. ಅದಕ್ಕೇ ಜನ ಮೋಸ ಹೋಗುವುದು.

ತಲೆ ನಾಡಿಯಂತೆ ಬಡಿಯುತ್ತದೆ, ಬೆಳಕು ನೋಡಲಾಗುವುದಿಲ್ಲ, ವಾಕರಿಕೆ ಬರುತ್ತದೆ, ಕೆಲವು ಗಂಟೆಗಳಿಂದ ಮೂರು ದಿನದೊಳಗೆ ತಾನಾಗಿ ಇಳಿಯುತ್ತದೆ, ಮೂಗಿನಿಂದ ಗಟ್ಟಿ ಕೀವು ಬರುವುದೇ ಇಲ್ಲ ಎಂದಾದರೆ ನರರೋಗದ ಡಾಕ್ಟರನ್ನೋ ನಿಮ್ಮ ಫ್ಯಾಮಿಲಿ ಡಾಕ್ಟರನ್ನೋ ಮೈಗ್ರೇನ್ ಬಗ್ಗೆ ನೇರವಾಗಿ ಕೇಳಿ. ಮೈಗ್ರೇನಿಗೆ ಬೇರೆಯೇ ಒಳ್ಳೆಯ ಔಷಧಗಳಿವೆ. ಅದು ಗೊತ್ತಾಗದೆ ಮೂಗಿಗೆ ಚಿಕಿತ್ಸೆ ಮಾಡಿಸಿಕೊಳ್ಳುತ್ತಾ ಇರುವುದು ನಿಜಕ್ಕೂ ಅನ್ಯಾಯ.

ಕಿಂಡಿ ಮುಚ್ಚುವವರು ಯಾರು?

ವರ್ಷಕ್ಕೆ ನಾಲ್ಕು ಅಥವಾ ಹೆಚ್ಚು ಸಲ ಬ್ಯಾಕ್ಟೀರಿಯಾ ಸೋಂಕು ಬಂದು, ನಡುವೆ ಪೂರ್ತಿ ಆರಾಮಾಗಿದ್ದರೆ ಅದನ್ನು ಮರುಕಳಿಸುವ ಸೈನಸೈಟಿಸ್ ಎನ್ನುತ್ತಾರೆ. ಹನ್ನೆರಡು ವಾರ ಕಳೆದರೂ ಮೂಗು ಬಿಡುವೇ ಕೊಡದಿದ್ದರೆ ಅದು ದೀರ್ಘಕಾಲದ ಸೈನಸೈಟಿಸ್. ಎರಡರ ಚಿಕಿತ್ಸೆಯೂ ಬೇರೆ. ಡಾಕ್ಟರ ಹತ್ತಿರ ಹೋಗುವಾಗ ಯಾವ ತಿಂಗಳು ಶುರುವಾಯಿತು, ಎಷ್ಟು ದಿನ ಇತ್ತು, ಯಾವ ಕಡೆ ನೋವು, ಏನು ಔಷಧ ತಗೊಂಡಿರಿ ಅಂತ ಬರೆದುಕೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ. ಒಂದು ಸಲವಾದರೂ ಸೋಂಕು ಜೋರಾಗಿರುವಾಗಲೇ ಇಎನ್‌ಟಿ ಡಾಕ್ಟರಿಗೆ ತೋರಿಸಿ, ಎಂಡೋಸ್ಕೋಪ್‌ನಲ್ಲಿ ನೋಡಿಸಿಕೊಳ್ಳಿ. ಕೀವು ನಿಜವಾಗಿ ಆ ಸಂದಿಯಿಂದಲೇ ಬರುತ್ತಿದೆಯಾ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಕಾರಣಗಳಲ್ಲಿ ಮೊದಲು ನೋಡಬೇಕಾದ್ದು ಅಲರ್ಜಿ. ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗು ಕಣ್ಣು ತುರಿಕೆ, ನೀರು ನೀರಾದ ಸಿಂಬಳ ಇವು ಅದರ ಗುರುತು. ಅಲರ್ಜಿಯಿಂದ ಪೊರೆ ವರ್ಷವಿಡೀ ಅರೆಬರೆ ಊದಿಕೊಂಡೇ ಇರುತ್ತದೆ. ಮೇಲೆ ಒಂದು ಚಿಕ್ಕ ನೆಗಡಿ ಬಂದರೂ ಕಿಂಡಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಬೆಂಗಳೂರಿಗೆ ಬಂದ ಮೇಲೆ ಇದು ಶುರುವಾಯಿತು ಅನ್ನುವವರು ಎಷ್ಟೊಂದು ಜನ! ಪರಾಗ, ಕಟ್ಟಡದ ದೂಳು, ವಾಹನದ ಹೊಗೆ ಎಲ್ಲವೂ ಇಲ್ಲಿ ಒಟ್ಟಿಗೆ ಸಿಗುತ್ತವೆ. ಖಾಲಿ ಸೈಟುಗಳಲ್ಲಿ ಬಿಳಿ ಹೂ ಬಿಡುವ ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು, ಅಲ್ಲಿಂದ ದೇಶವೆಲ್ಲ ಹರಡಿತು. ಅದರ ಪರಾಗ ಮೂಗಿನ ಅಲರ್ಜಿ ತರುತ್ತದೆ ಎಂಬುದನ್ನು ಬೆಂಗಳೂರಿನಲ್ಲೇ ನಡೆದ ಸಂಶೋಧನೆಗಳು ತೋರಿಸಿವೆ.

ಮನೆಯೊಳಗಿನ ಶತ್ರು ಇನ್ನೂ ಹತ್ತಿರ. ಹಾಸಿಗೆ, ದಿಂಬು, ಸೋಫಾಗಳಲ್ಲಿ ಕಣ್ಣಿಗೆ ಕಾಣದ ದೂಳುಹುಳಗಳು ನಮ್ಮ ಚರ್ಮದ ಪುಡಿ ತಿಂದು ಬದುಕುತ್ತವೆ. ಅವುಗಳ ಹಿಕ್ಕೆಗೇ ಬಹಳ ಜನರಿಗೆ ಅಲರ್ಜಿ. ತೇವದ ಹವೆ ಅವಕ್ಕೆ ಬಹಳ ಇಷ್ಟ, ಹಾಗಾಗಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಇವುಗಳ ಕಾಟ ಜಾಸ್ತಿ. ಬೆಡ್‌ಶೀಟ್, ದಿಂಬಿನ ಕವರನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಲ್ಲಿ ಒಗೆಯಿರಿ. ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಗೋಡೆಯಲ್ಲಿ ಬೂಷ್ಟು ಇದ್ದರೆ ಬಣ್ಣ ಬಳಿದು ಮುಚ್ಚಬೇಡಿ, ನೀರು ಸೋರುವ ಜಾಗ ಹುಡುಕಿ ಸರಿ ಮಾಡಿಸಿ. ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿ ಬೇಡ. ಸಿಗರೇಟಂತೂ ಬೇಡವೇ ಬೇಡ. ಹೊಗೆ ಆ ರೋಮಗಳನ್ನೇ ಮಂಕಾಗಿಸುತ್ತದೆ, ಪಕ್ಕದಲ್ಲಿ ಕೂತ ಮಗುವಿನ ಮೂಗಿಗೂ ಅದೇ ಗತಿ.

ತುಂಬಾ ಜನ ಮರೆಯುವ ಕಾರಣ ಹಲ್ಲು. ಮೇಲಿನ ದವಡೆ ಹಲ್ಲುಗಳ ಬೇರು ಕೆನ್ನೆಯ ಸೈನಸ್‌ನ ತಳಕ್ಕೆ ತಾಗಿಕೊಂಡೇ ಇರುತ್ತದೆ, ನಡುವೆ ತೆಳ್ಳನೆಯ ಮೂಳೆ ಅಷ್ಟೇ. ಹುಳುಕಾದ ಹಲ್ಲಿನ ಬೇರಿನ ಕೀವು ಅಲ್ಲಿಂದ ನೇರ ಸೈನಸ್‌ಗೆ ಹೋಗಬಹುದು. ಹಲ್ಲು ಕಿತ್ತ ಜಾಗದಲ್ಲಿ ತೂತು ಉಳಿದರೂ ಹಾಗೇ. ಯಾವಾಗಲೂ ಒಂದೇ ಕಡೆ, ಕೊಳೆತ ವಾಸನೆಯ ಸಿಂಬಳ ಬರುತ್ತಿದ್ದರೆ ದಂತವೈದ್ಯರಿಗೂ ತೋರಿಸಿ. ಹಲ್ಲು ನೋಯಲೇಬೇಕು ಅಂತಿಲ್ಲ. ಹಲ್ಲಿನ ಚಿಕಿತ್ಸೆ ಆಗದೆ ಇಂಥ ಸೈನಸ್ ಗುಣವಾಗುವುದಿಲ್ಲ. ಒಂದೇ ಕಡೆ ಮೂಗು ಕಟ್ಟಿ ಆಗಾಗ ರಕ್ತ ಬರುತ್ತಿದ್ದರೆ ಗಡ್ಡೆ ಇರಬಹುದೇ ಎಂದೂ ನೋಡಬೇಕಾಗುತ್ತದೆ, ತಡ ಮಾಡಬೇಡಿ.

ಮೂಗಿನ ನಡುಗೋಡೆ ಸೊಟ್ಟ ಇರುವುದು ಎಷ್ಟೋ ಜನರಲ್ಲಿ ಮಾಮೂಲು, ಅದೊಂದೇ ಕಾರಣ ಅಂತ ಆಪರೇಷನ್‌ಗೆ ಓಡಬೇಕಿಲ್ಲ. ಮೂಗಿನೊಳಗೆ ದ್ರಾಕ್ಷಿಯಷ್ಟು ಗಾತ್ರದ ಪಾಲಿಪ್ (ಪೊರೆ ಊದಿ ಬೆಳೆದ ಮೆತ್ತನೆಯ ಗಂಟು) ಬೆಳೆದಿದ್ದರೆ ವಾಸನೆ ಪೂರ್ತಿ ಹೋಗಬಹುದು. ಪಾಲಿಪ್, ಆಸ್ತಮಾ ಎರಡೂ ಇರುವ ಕೆಲವರಿಗೆ ಆಸ್ಪಿರಿನ್‌ನಂಥ ನೋವಿನ ಮಾತ್ರೆ ಆಗಿಬರುವುದಿಲ್ಲ, ಉಸಿರು ಕಟ್ಟಬಹುದು. ಇದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ. ಮಕ್ಕಳಲ್ಲಿ ಮೂಗಿನ ಹಿಂದಿನ ಅಡೆನಾಯ್ಡ್ ಎಂಬ ಮಾಂಸದ ಗಂಟು ಊದಿರುವುದು ದೊಡ್ಡ ಕಾರಣ. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಗುವನ್ನು ತೋರಿಸಿ. ಸೈನಸ್ ಜೊತೆ ನ್ಯುಮೋನಿಯಾ, ಕಿವಿ ಸೋರುವುದು ಕೂಡ ಪದೇ ಪದೇ ಆಗುತ್ತಿದ್ದರೆ ರೋಗನಿರೋಧಕ ಶಕ್ತಿಯ ರಕ್ತಪರೀಕ್ಷೆ ಬೇಕಾಗಬಹುದು.

ಇನ್ನೊಂದು ಕಾರಣವನ್ನು ನಾವೇ ಜೇಬಲ್ಲಿಟ್ಟುಕೊಂಡು ತಿರುಗುತ್ತೇವೆ. ಮೂಗಿಗೆ ಹಾಕಿದ ತಕ್ಷಣ ಉಸಿರು ಬಿಡಿಸುವ ಹನಿಗಳು, ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಇರುವಂಥವು. ಮೂರರಿಂದ ಐದು ದಿನಕ್ಕೆ ಅವು ಸರಿ. ಆಮೇಲೂ ಮುಂದುವರಿಸಿದರೆ ಹನಿಯ ಪರಿಣಾಮ ಇಳಿದಾಗ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಅದಕ್ಕೆ ಮತ್ತೆ ಹನಿ, ಮತ್ತೆ ಕಟ್ಟು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಈ ಸುಳಿಯಲ್ಲಿ ಸಿಕ್ಕಿಕೊಂಡವರಿದ್ದಾರೆ. ಹೊರಬರಲು ಸಾಧ್ಯವಿದೆ, ಡಾಕ್ಟರು ಮೂಗಿನ ಊತ ಇಳಿಸುವ ಸ್ಟೀರಾಯ್ಡ್ ಸ್ಪ್ರೇ ಶುರು ಮಾಡಿಸಿ ಹನಿಯನ್ನು ಬಿಡಿಸುತ್ತಾರೆ.

ದಿನದಿನದ ಆರೈಕೆ

ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ಸರಳ, ಖರ್ಚು ಕಡಿಮೆ, ದೀರ್ಘಕಾಲದ ತೊಂದರೆ ಇರುವವರಿಗೆ ಅನುಕೂಲವೂ ಇದೆ. ಯೋಗ ಮಾಡುವವರಿಗೆ ಜಲನೇತಿ ಗೊತ್ತೇ ಇರುತ್ತದೆ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಚೂರು ಕಡಿಮೆ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉರಿಯುತ್ತದೆ ಅನ್ನುವವರಿಗೆ ಮೆಡಿಕಲ್ ಶಾಪ್‌ನಲ್ಲಿ ಸಿದ್ಧ ಪುಡಿಯ ಪ್ಯಾಕೆಟ್ ಸಿಗುತ್ತದೆ. ನೀರು ಉಗುರುಬೆಚ್ಚಗಿರಲಿ. ಸಿಂಕಿನ ಮೇಲೆ ಬಗ್ಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊರಳೆಗೆ ನಿಧಾನವಾಗಿ ಹಾಕಿ. ಇನ್ನೊಂದು ಹೊರಳೆಯಿಂದ ಇಳಿಯುತ್ತದೆ. ಆಮೇಲೆ ಜೋರಾಗಿ ಸೀಟಬೇಡಿ, ಕಿವಿಗೆ ನೀರು ನುಗ್ಗಬಹುದು. ಮುಂದಕ್ಕೆ ಬಾಗಿ ಉಳಿದ ನೀರು ಇಳಿಯಲು ಬಿಡಿ. ಮೂಗು ಪೂರ್ತಿ ಕಟ್ಟಿದ್ದಾಗ, ಕಿವಿ ನೋವಿದ್ದಾಗ ಬೇಡ.

ನೀರಿನ ವಿಷಯದಲ್ಲಿ ಮಾತ್ರ ಕಿಂಚಿತ್ತೂ ಸಡಿಲ ಬಿಡಬೇಡಿ. ಕುದಿಸಿ ಆರಿಸಿದ ನೀರೇ ಆಗಬೇಕು, ಚೆನ್ನಾಗಿ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ. ಬೆಚ್ಚನೆಯ ಸಿಹಿನೀರಿನಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಇರಬಹುದು. ಕುಡಿದರೆ ಅದು ಏನೂ ಮಾಡುವುದಿಲ್ಲ. ಮೂಗಿನ ಮೂಲಕ ಹೋದರೆ ಮಿದುಳಿಗೆ ಏರಿ ಜೀವ ತೆಗೆಯುತ್ತದೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಹೀಗೆ ತೀರಿಕೊಂಡರು. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಅಮೀಬಾದ ಮಿದುಳು ಸೋಂಕು ಎಷ್ಟೋ ಮನೆಗಳನ್ನು ಕಂಗೆಡಿಸಿತು. ಇಂಥದ್ದು ತೀರಾ ಅಪರೂಪ, ಆದರೆ ತಡೆಯುವುದು ನೀರು ಕುದಿಸುವಷ್ಟು ಸುಲಭ. ಬೋರ್‌ವೆಲ್ ನೀರು, ಟ್ಯಾಂಕಿನ ನೀರು, ಫಿಲ್ಟರ್ ನೀರು ಯಾವುದೇ ಇರಲಿ, ಕುದಿಸಿ. ಪಾತ್ರೆಯನ್ನೂ ತೊಳೆದು ಒಣಗಿಸಿ ಇಡಿ.

ಅಲರ್ಜಿ ಇರುವವರಿಗೆ ಫ್ಲುಟಿಕಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ ದೊಡ್ಡ ಆಸರೆ. ಹೆಸರು ಕೇಳಿಯೇ ಹೆದರುವವರಿದ್ದಾರೆ. ಡೋಸ್ ಮೈಕ್ರೋಗ್ರಾಂ ಲೆಕ್ಕದಲ್ಲಿದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಹಾಕಿದ ತಕ್ಷಣ ಮೂಗು ಬಿಡುವುದಿಲ್ಲ, ದಿನಾ ತಪ್ಪದೆ ಹಾಕಿದರೆ ಪೂರ್ತಿ ಫಲ ಕಾಣಲು ಒಂದೆರಡು ವಾರ ಬೇಕು. ಎರಡು ದಿನ ಹಾಕಿ "ಏನೂ ಆಗ್ಲಿಲ್ಲ" ಅಂತ ಬಿಟ್ಟರೆ ಸುಮ್ನೆ ದಂಡ. ತಲೆ ಸ್ವಲ್ಪ ಮುಂದೆ ಬಾಗಿಸಿ, ಬಲ ಹೊರಳೆಗೆ ಎಡಗೈಯಿಂದ, ಎಡ ಹೊರಳೆಗೆ ಬಲಗೈಯಿಂದ ಹಾಕಿ. ತುದಿ ನಡುಗೋಡೆಗೆ ಅಲ್ಲ, ಹೊರಕ್ಕೆ, ಅದೇ ಪಕ್ಕದ ಕಣ್ಣಿನ ಕಡೆ ತಿರುಗಿರಬೇಕು. ಇಲ್ಲದಿದ್ದರೆ ನಡುಗೋಡೆ ಒಣಗಿ ರಕ್ತ ಬರುತ್ತದೆ. ಮೂಗು ತೊಳೆಯುವವರು ಮೊದಲು ತೊಳೆದು, ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ ಹಾಕಿದರೆ ಒಳ್ಳೆಯದು.

ಹಬೆ ತಗೊಂಡರೆ ಒಂದಿಷ್ಟು ಹೊತ್ತು ಹಿತವಾಗುತ್ತದೆ, ಸೋಂಕು ಗುಣವಾಗುವುದಿಲ್ಲ. ಮಕ್ಕಳ ಮುಂದೆ ಕುದಿಯುವ ಪಾತ್ರೆ ಇಟ್ಟು ಕಂಬಳಿ ಹೊದಿಸುವುದು ಮಾತ್ರ ಬೇಡ. ಪಾತ್ರೆ ಮಗುಚಿ ಮೈ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಕೈ ತೊಳೆಯುವುದು, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಇವು ನೆಗಡಿ, ಜ್ವರದ ಸಂಖ್ಯೆಯನ್ನೇ ಕಡಿಮೆ ಮಾಡುತ್ತವೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಸೋಂಕು ಬಿಡದಿದ್ದರೆ, ಸಿಟಿ ಸ್ಕ್ಯಾನ್‌ನಲ್ಲಿ ಅಡಚಣೆ ಖಚಿತವಾಗಿದ್ದರೆ ಎಂಡೋಸ್ಕೋಪಿಕ್ ಸರ್ಜರಿ ಯೋಚಿಸಬಹುದು. ಮುಖದ ಮೇಲೆ ಗಾಯ ಆಗುವುದಿಲ್ಲ. ಅದು ಕಿಂಡಿಯನ್ನು ತೆರೆಯುತ್ತದೆ, ಅಲರ್ಜಿಯನ್ನು ತೆಗೆಯುವುದಿಲ್ಲ. ಆಪರೇಷನ್ ನಂತರವೂ ತೊಳೆಯುವುದು, ಸ್ಪ್ರೇ ಮುಂದುವರಿಯುತ್ತದೆ. ಪಾಲಿಪ್ ಇದ್ದವರಿಗೆ ಅದು ಮತ್ತೆ ಬೆಳೆಯುವ ಸಾಧ್ಯತೆಯೂ ಇದೆ. ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಂಡು ಒಪ್ಪಿಕೊಳ್ಳಿ.

ಕೊನೆಗೆ, ಕಾಯಬಾರದ ಲಕ್ಷಣಗಳು. ಕಣ್ಣಿನ ಸುತ್ತ ಊದಿ ಕೆಂಪಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಹಣೆಯ ಮೇಲೆ ಮೆತ್ತಗಿನ ಊತ, ತಡೆಯಲಾಗದ ತಲೆನೋವಿನ ಜೊತೆ ಕುತ್ತಿಗೆ ಬಿಗಿತ, ಮಾತು ತಡವರಿಸುವುದು. ಇವು ಸೋಂಕು ಕಣ್ಣಿಗೋ ಮಿದುಳಿಗೋ ಹರಡುತ್ತಿರುವ ಸೂಚನೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದ ಕಪ್ಪು ಶಿಲೀಂಧ್ರ ಶುರುವಾಗುವುದೂ ಮೂಗು, ಸೈನಸ್‌ಗಳಲ್ಲೇ. ಸಕ್ಕರೆ ಹತೋಟಿಯಲ್ಲಿಲ್ಲದ ಮಧುಮೇಹಿಗಳಿಗೆ ಅದರ ಅಪಾಯ ಈಗಲೂ ಇದೆ. ಅಂಥವರಿಗೆ ಕೆನ್ನೆ ಮರಗಟ್ಟಿದರೆ, ಮೂಗಿನಲ್ಲಾಗಲಿ ಬಾಯಿಯ ಅಂಗುಳದಲ್ಲಾಗಲಿ ಕಪ್ಪು ಹೊಪ್ಪಳೆ ಕಂಡರೆ ಅದೇ ದಿನ, ರಾತ್ರಿಯಾದರೂ ಸರಿ, ಇಎನ್‌ಟಿ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.